ನೆರೆಮನೆಯ ಮಗುವಿಗೆ ದೊರೆತ ಔಷಧ ನಮ್ಮ ಮಗನಿಗೆ ಏಕಿಲ್ಲ?

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿದೆ. ನೆರೆಮನೆಯ ಹೆಣ್ಣುಮಗುವಿಗೆ ಬೆನ್ನುಹುರಿಯ ನರಕೋಶಗಳು ಸಾಯುತ್ತ ಸ್ನಾಯುಗಳು ಸೊರಗುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಎಸ್‌ಎಂಎ) ಇದೆ, ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀವಕೋಶ ಬಳಸುವ, ವಂಶವಾಹಿಯ ಸೂಚನೆಯ ನಕಲು) ಮೇಲೆ ಕೆಲಸ ಮಾಡುವ ಸಿರಪ್‌ನಿಂದ ಆಕೆ ಚೇತರಿಸಿಕೊಳ್ಳುತ್ತಿದ್ದಾಳೆ, ಆದರೆ ಸ್ನಾಯುಗಳೇ ಕ್ರಮೇಣ ಕ್ಷಯಿಸುವ ಡುಷೆನ್ ಮಸ್ಕ್ಯುಲರ್ ಡಿಸ್ಟ್ರಫಿಯಿಂದ ಬಳಲುತ್ತಿರುವ ನಿಮ್ಮ 7 ವರ್ಷದ ಮಗನಿಗೆ ಅಂಥದ್ದೇನೂ ಇಲ್ಲವೆಂದು ವೈದ್ಯರು ಹೇಳಿದರು ಎಂದು ಬರೆದಿದ್ದೀರಿ. ಎರಡೂ ವಂಶವಾಹಿಯ ದೋಷದಿಂದ ಬರುವ ಕಾಯಿಲೆಗಳೇ ಆಗಿರುವಾಗ ಈ ಭೇದವೇಕೆ ಎಂಬುದು ನಿಮ್ಮ ಪ್ರಶ್ನೆ. ಮಗನ ತೂಕ ಏರುತ್ತಿರುವುದರಿಂದ, ಹೊಸ ಔಷಧ ಬರುವವರೆಗೆ ಅವನಿಗೆ ಕೊಡುತ್ತಿರುವ ಸ್ಟೀರಾಯ್ಡ್ ನಿಲ್ಲಿಸಲೇ ಎಂದೂ ಕೇಳಿದ್ದೀರಿ.

ಎಸ್‌ಎಂಎ ಚಿಕಿತ್ಸೆ ಕೈಗೂಡಿದ್ದಕ್ಕೆ ಆ ಕಾಯಿಲೆಗೇ ವಿಶಿಷ್ಟವಾದ ಒಂದು ಕಾರಣವಿದೆ. ಬೆನ್ನುಹುರಿಯ ನರಕೋಶಗಳು ಬದುಕಿರಲು ಬೇಕಾದ ಪ್ರೋಟೀನನ್ನು ಎಸ್‌ಎಂಎನ್1 ಎಂಬ ವಂಶವಾಹಿ ಒದಗಿಸುತ್ತದೆ. ಆ ವಂಶವಾಹಿ ಕೆಟ್ಟಿರುವ ಮಕ್ಕಳಲ್ಲಿಯೂ ಬಹುಪಾಲು ಅದನ್ನೇ ಹೋಲುವ ಎಸ್‌ಎಂಎನ್2 ಉಳಿದಿರುತ್ತದೆ. ಆದರೆ ಈ ಎರಡನೆಯದರಿಂದ ಆರ್‌ಎನ್‌ಎ ಸಿದ್ಧವಾಗುವಾಗ ಏಳನೆಯ ಎಕ್ಸಾನ್ ಎಂಬ ತುಣುಕು ಹೆಚ್ಚಿನ ಸಲ ಬಿಟ್ಟುಹೋಗುವುದರಿಂದ ಸರಿಯಾದ ಪ್ರೋಟೀನ್ ಸಾಲದಷ್ಟೇ ಹುಟ್ಟುತ್ತದೆ. ಆ ತುಣುಕನ್ನು ಹೊರಗಿಡುವ ಸಂಕೇತವೊಂದನ್ನು ಅಮೆರಿಕದಲ್ಲಿ ರವೀಂದ್ರ ಸಿಂಗ್ ಮತ್ತು ಅವರ ಸಂಗಡಿಗರು 2006ರಲ್ಲಿ ಗುರುತಿಸಿದರು. ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಏಡ್ರಿಯನ್ ಕ್ರೈನರ್ ಅವರ ತಂಡ ಅಯೋನಿಸ್ ಕಂಪನಿಯ ಜೊತೆಗೂಡಿ, ಆ ಸಂಕೇತಕ್ಕೆ ಹೋಗಿ ಅಂಟಿಕೊಂಡು ಅದನ್ನು ಮರೆಮಾಡುವ, ಕೇವಲ 18 ಅಕ್ಷರಗಳಷ್ಟು ಉದ್ದದ ನುಸಿನರ್ಸೆನ್ ಅನ್ನು ರೂಪಿಸಿತು. 2016ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಶಿಶುಗಳ ಮೇಲೆ ನಡೆದ ಮುಖ್ಯ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ ಶೇ 51ರಷ್ಟು ಮಕ್ಕಳು ಚಲನೆಯಲ್ಲಿ ಗುರುತಿಸಬಹುದಾದ ಪ್ರಗತಿ ಕಂಡರೆ, ಪಡೆಯದವರಲ್ಲಿ ಒಂದು ಮಗುವೂ ಕಾಣಲಿಲ್ಲ. ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಚುಚ್ಚುವುದರಿಂದ ಅದು ತಲುಪಬೇಕಾದ ಕೋಶಗಳನ್ನು ತಲುಪುತ್ತದೆ. ನೆರೆಮನೆಯ ಮಗು ಕುಡಿಯುತ್ತಿರುವುದು ರಿಸ್ಡಿಪ್ಲಾಮ್ ಇರಬೇಕು. ಅದರ ಗುರಿಯೂ ಎಸ್‌ಎಂಎನ್2ರ ಆರ್‌ಎನ್‌ಎಯೇ. ಇವೆರಡೂ ಡಿಎನ್‌ಎಯನ್ನು ತಿದ್ದುವುದಿಲ್ಲವಾದ್ದರಿಂದ ಚಿಕಿತ್ಸೆ ಮುಂದುವರಿಯುತ್ತಲೇ ಇರಬೇಕಾಗುತ್ತದೆ.

ಡುಷೆನ್‌ನಲ್ಲಿ ಹೀಗೆ ನೆರವಿಗೆ ಕರೆಯಬಹುದಾದ ಪ್ರತಿರೂಪದ ವಂಶವಾಹಿಯಿಲ್ಲ. ಸ್ನಾಯುಗಳಿಗೆ ಬೇಕಾದ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನು ಒದಗಿಸುವ, 79 ಎಕ್ಸಾನ್‌ಗಳ ವಂಶವಾಹಿಯಲ್ಲಿ ಒಬ್ಬೊಬ್ಬ ಹುಡುಗನಲ್ಲಿ ಒಂದೊಂದು ಕಡೆ ದೋಷವಿರುತ್ತದೆ. ಆರ್‌ಎನ್‌ಎಯನ್ನು ಜೀವಕೋಶ ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ‘ಸರಳ ಮನದ ಜನರ ಬದುಕು’ ಎಂಬ ಸಾಲಿನಲ್ಲಿ ‘ನ’ ಒಂದು ಬಿದ್ದುಹೋದರೆ ಮೂರರ ಲೆಕ್ಕದಲ್ಲಿ ಓದುವವರಿಗೆ ಸಿಗುವುದು ‘ಸರಳ ಮದಜ ನರಬ ದುಕು’. ಉಳಿದ ‘ಮ’, ‘ದ’ಗಳನ್ನೂ ತೆಗೆದುಹಾಕಿದರೆ ‘ಸರಳ ಜನರ ಬದುಕು’ ಎಂದಾಗಿ, ಸಾಲು ಮೊಟಕಾದರೂ ಅರ್ಥ ಉಳಿಯುತ್ತದೆ. ಆರ್‌ಎನ್‌ಎ ಸಿದ್ಧವಾಗುವಾಗ ಒಂದು ಎಕ್ಸಾನನ್ನು ಬಿಟ್ಟುಬಿಡುವಂತೆ ಮಾಡುವ, ಅಂದರೆ ಎಕ್ಸಾನ್ ಹಾರಿಸುವ ಔಷಧಗಳ ತರ್ಕ ಇದೇ. ಅವುಗಳಲ್ಲಿ ಮೊದಲನೆಯದಾದ ಎಟೆಪ್ಲಿರ್ಸೆನ್ 51ನೆಯ ಎಕ್ಸಾನನ್ನು ಹಾರಿಸುತ್ತದೆ, ಮತ್ತು ಅದು ಹೊಂದುವುದು ಸುಮಾರು ಶೇ 13ರಷ್ಟು ರೋಗಿಗಳಿಗೆ ಮಾತ್ರ. ಹೊಂದಿದವರಲ್ಲೂ ರಕ್ತಕ್ಕೆ ಕೊಟ್ಟ ಔಷಧ ಮೈತುಂಬ ಹರಡಿರುವ ಸ್ನಾಯುಗಳೊಳಗೆ ಇಳಿಯುವುದು ಅತ್ಯಲ್ಪ. ಅನುಮತಿಗೆ ಆಧಾರವಾದ ಪ್ರಯೋಗಗಳಲ್ಲಿ ಡಿಸ್ಟ್ರೊಫಿನ್ ಸಹಜ ಪ್ರಮಾಣದ ಶೇ 1ರ ಆಸುಪಾಸಿನಲ್ಲೇ ಉಳಿಯಿತು. ಅಮೆರಿಕ 2016ರಲ್ಲಿ ಷರತ್ತಿನ ಮೇಲೆ ಒಪ್ಪಿದ ಈ ಔಷಧವನ್ನು ಯುರೋಪಿನ ನಿಯಂತ್ರಣ ಸಂಸ್ಥೆ 2018ರಲ್ಲಿ ನಿರಾಕರಿಸಿತು. ಯುರೋಪಿನ ನಿಲುವೇ ಹೆಚ್ಚು ಸಮಂಜಸವೆಂದು ನನ್ನ ಅನಿಸಿಕೆ. ಈಗ ಸಂಶೋಧಕರ ಶ್ರಮವೆಲ್ಲ, ಸ್ನಾಯುಕೋಶದ ಮೇಲ್ಮೈಗೆ ಅಂಟುವ ಪ್ರತಿಕಾಯವನ್ನೋ (ಆ್ಯಂಟಿಬಾಡಿ) ಪೆಪ್ಟೈಡನ್ನೋ (ಪ್ರೋಟೀನಿನ ಚಿಕ್ಕ ತುಣುಕು) ಜೋಡಿಸಿ ಔಷಧವನ್ನು ಒಳಕ್ಕೆ ಸಾಗಿಸುವುದರತ್ತ ಹರಿದಿದೆ. ನಮ್ಮಲ್ಲಿಯೂ, ಬೆಂಗಳೂರಿನ ಡಿಸ್ಟ್ರಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್ ಎಕ್ಸಾನ್ ಹಾರಿಸುವ ಔಷಧಗಳ ಸಂಶೋಧನೆಯಲ್ಲಿ ತೊಡಗಿದೆ.

ಆದ್ದರಿಂದ ನೀವು ಮೊದಲು ನೋಡಬೇಕಾದದ್ದು ಮಗನ ವಂಶವಾಹಿ ಪರೀಕ್ಷೆಯ ವರದಿಯನ್ನು. ಅದರಲ್ಲಿ ಯಾವ ಎಕ್ಸಾನ್‌ನಿಂದ ಯಾವ ಎಕ್ಸಾನ್‌ವರೆಗೆ ಇಲ್ಲ ಎಂದು ನಮೂದಾಗಿರಬೇಕು. ಬರಿಯ ‘ಡುಷೆನ್’ ಎಂದಿದ್ದರೆ ಎಂಎಲ್‌ಪಿಎ (ಯಾವ ಎಕ್ಸಾನ್‌ಗಳು ಇಲ್ಲ ಅಥವಾ ಹೆಚ್ಚಿವೆ ಎಂದು ತಿಳಿಸುವ) ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ, ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಲಾದ ಕೇಂದ್ರವಾಗಿದೆ. ಅಲ್ಲಿ ಸಲಹೆ ಪಡೆಯಬಹುದು. ನಿಮ್ಮ ಪತ್ನಿ ವಾಹಕರೇ (ದೋಷವಿರುವ ವಂಶವಾಹಿಯನ್ನು ಮಕ್ಕಳಿಗೆ ದಾಟಿಸಬಲ್ಲವರೇ) ಎಂಬ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಅದರ ಫಲಿತಾಂಶ ಅವರ ತಂಗಿಯರಿಗೂ ಬೇಕಾಗುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲವೆಂಬುದನ್ನು ಮನೆಯ ಹಿರಿಯರಿಗೆ ನೀವೇ ಸ್ಪಷ್ಟವಾಗಿ ಹೇಳಬೇಕು. ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಸ್ಟೀರಾಯ್ಡ್ ಅನ್ನು ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಅದು ನಡೆಯುವ ಶಕ್ತಿಯನ್ನು ಹೆಚ್ಚು ಕಾಲ ಉಳಿಸುತ್ತದೆ. ದೀರ್ಘಕಾಲ ಕೊಟ್ಟು ಹಠಾತ್ತನೆ ಬಿಟ್ಟರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಜೀವಕ್ಕೇ ಅಪಾಯವಾಗಬಹುದು. ತೂಕ ಏರುತ್ತಿದೆ ಎಂಬ ನಿಮ್ಮ ಆತಂಕ ಸಕಾರಣವಾದದ್ದೇ. ಪ್ರಮಾಣ ತಗ್ಗಿಸುವುದೋ, ಔಷಧ ಬದಲಿಸುವುದೋ ಎಂಬುದನ್ನು ಮಗನನ್ನು ನೋಡುತ್ತಿರುವ ವೈದ್ಯರೊಂದಿಗೆ ಈ ವಾರವೇ ಮಾತನಾಡಿ ತೀರ್ಮಾನಿಸಿ.

— ಸಂಪಾದಕ