ದಶಕಗಳ ನಂತರ ಮತ್ತೆ ತೆರೆದ ರೈಲು ಮಾರ್ಗಕ್ಕೆ ಊರಿನವರ ಪಾರ್ಟ್‌ನರ್‌ಶಿಪ್ ಕಟ್ಟುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಇಂಗ್ಲೆಂಡಿನಲ್ಲಿ ನೀವಿರುವ ಊರಿಗೆ ಎಷ್ಟೋ ದಶಕಗಳ ಮೇಲೆ ಪ್ರಯಾಣಿಕರ ರೈಲು ಮರಳಿದೆ. ಅದಕ್ಕಾಗಿ ಹೋರಾಡಿದ ಸಮಿತಿ ಈಗ ಕಮ್ಯುನಿಟಿ ರೈಲ್ ಪಾರ್ಟ್‌ನರ್‌ಶಿಪ್ ಆಗಲು ಹೊರಟಿದೆ. ಎಲ್ಲಿಂದ ಶುರು ಮಾಡಬೇಕು, ದುಡ್ಡು ಎಲ್ಲಿಂದ ಬರುತ್ತದೆ, ಮೊದಲ ವರ್ಷ ಏನು ಮಾಡಬೇಕು?

ಮೊದಲು ಒಂದು ಮಾತು. ಹೋರಾಟ ಸಮಿತಿಯನ್ನು ಹಾಗೇ ಪಾರ್ಟ್‌ನರ್‌ಶಿಪ್ ಆಗಿ ಬದಲಾಯಿಸಬೇಡಿ. ಪಾರ್ಟ್‌ನರ್‌ಶಿಪ್ ಎಂದರೆ ರೈಲು ಓಡಿಸುವ ಆಪರೇಟರ್, ಸ್ಥಳೀಯ ಕೌನ್ಸಿಲ್ ಮತ್ತು ಊರಿನವರು ಒಂದೇ ಮೇಜಿಗೆ ಕೂತು ಮಾಡುವ ಕೆಲಸ, ಅದರ ಮೂಲ ಖರ್ಚಿನ ಒಂದು ಪಾಲು ಸಾಮಾನ್ಯವಾಗಿ ಆಪರೇಟರ್‌ನಿಂದಲೇ ಬರುತ್ತದೆ. ರೈಲು ಪದೇ ಪದೇ ರದ್ದಾದಾಗ ಪತ್ರಿಕೆಗೆ ಹೋಗಿ ಅದೇ ಆಪರೇಟರನ್ನು ತರಾಟೆಗೆ ತೆಗೆದುಕೊಳ್ಳುವುದು ಈ ಮೇಜಿಗೆ ಕೂತವರಿಂದ ಆಗದ ಮಾತು. ಆದರೆ ಹಾಗೆ ಕೇಳುವವರೂ ಊರಿಗೆ ಬೇಕೇ ಬೇಕು. ಆದ್ದರಿಂದ ಸಮಿತಿ ಪ್ರಯಾಣಿಕರ ಸಂಘವಾಗಿ ಸ್ವತಂತ್ರವಾಗಿ ಉಳಿಯಲಿ, ಅದರ ಒಬ್ಬ ಪ್ರತಿನಿಧಿ ಪಾರ್ಟ್‌ನರ್‌ಶಿಪ್‌ನಲ್ಲಿ ಕೂರಲಿ. ಎರಡನ್ನೂ ಒಂದು ಮಾಡಿದ ಕಡೆ ಒಂದೋ ಸಂಘದ ಬಾಯಿ ಕಟ್ಟಿಹೋಗುತ್ತದೆ, ಇಲ್ಲವೇ ಆಪರೇಟರ್ ಅಂಕಿ-ಅಂಶ ಕೊಡುವುದನ್ನು ನಿಲ್ಲಿಸುತ್ತಾರೆ.

ಎರಡನೆಯದು: ಹೊಸ ಸಂಸ್ಥೆ ಹುಟ್ಟುಹಾಕುವ ಮುಂಚೆ ಪಕ್ಕದ ಮಾರ್ಗದಲ್ಲಿ ಈಗಾಗಲೇ ಪಾರ್ಟ್‌ನರ್‌ಶಿಪ್ ಇದೆಯೇ ನೋಡಿ. ಈ ಪದ್ಧತಿಯ ಅತ್ಯಂತ ಹಳೆಯ ಸಂಸ್ಥೆಗಳಲ್ಲೊಂದಾದ ಡೆವನ್ ಅಂಡ್ ಕಾರ್ನ್‌ವಾಲ್ ರೈಲ್ ಪಾರ್ಟ್‌ನರ್‌ಶಿಪ್ 1991ರಿಂದ ಪ್ಲಿಮತ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆಯುತ್ತಿದೆ. 1972ರಲ್ಲಿ ದಿನನಿತ್ಯದ ಸೇವೆ ನಿಂತಿದ್ದ ಓಕ್‌ಹ್ಯಾಂಪ್ಟನ್‌ಗೆ 2021ರ ನವೆಂಬರ್ 20ರಂದು ರೈಲು ಮರಳಿದಾಗ ಆ ಡಾರ್ಟ್‌ಮೂರ್ ಮಾರ್ಗ ಇದೇ ಪಾರ್ಟ್‌ನರ್‌ಶಿಪ್‌ನ ತೆಕ್ಕೆಗೆ ಬಂತು. ಹೀಗೆ ಸೇರಿಕೊಂಡರೆ ವಿಮೆ, ಲೆಕ್ಕಪತ್ರ, ಮಕ್ಕಳ ಸುರಕ್ಷತೆಯ ನೀತಿ, ಅನುಭವಿ ಅಧಿಕಾರಿ ಎಲ್ಲವೂ ಮೊದಲ ದಿನದಿಂದಲೇ ಸಿಗುತ್ತವೆ. ನಿಮ್ಮ ಮಾರ್ಗಕ್ಕೆಂದು ಒಂದು ಉಪಸಮಿತಿ, ಅದರದೇ ಬಜೆಟ್ ಕೇಳಿ ಪಡೆಯಿರಿ. ಸುತ್ತಮುತ್ತ ಯಾರೂ ಇಲ್ಲದಿದ್ದರೆ ಮಾತ್ರ ಸ್ವಂತದ್ದು.

ಸ್ವಂತದ್ದೇ ಆದರೂ ಮೊದಲ ಎರಡು ವರ್ಷ ಕೌನ್ಸಿಲ್ ಅಥವಾ ನೆಲೆಯೂರಿದ ಚಾರಿಟಿಯೊಂದರ ಆಶ್ರಯದಲ್ಲಿ ಇರುವುದೇ ಕ್ಷೇಮ. ನೋಂದಣಿಯಿಲ್ಲದ ಬರೀ ಸಮಿತಿಗೆ ಕಾನೂನಿನ ಕಣ್ಣಲ್ಲಿ ಸ್ವಂತ ಅಸ್ತಿತ್ವ ಇರುವುದಿಲ್ಲ. ಅದು ತನ್ನ ಹೆಸರಿನಲ್ಲಿ ನೌಕರರನ್ನು ಇಟ್ಟುಕೊಳ್ಳುವಂತಿಲ್ಲ, ನಿಲ್ದಾಣದ ಕೋಣೆಯನ್ನು ಲೀಸ್‌ಗೆ ಪಡೆಯುವಂತಿಲ್ಲ, ಸಾಲ ಉಳಿದರೆ ಪದಾಧಿಕಾರಿಗಳ ಜೇಬಿಗೇ ಬರುತ್ತದೆ. ಆಶ್ರಯದಿಂದ ಹೊರಬರುವ ಹೊತ್ತಿಗೆ ಎರಡು ದಾರಿಗಳಿವೆ. ಒಂದು ಕಮ್ಯುನಿಟಿ ಇಂಟರೆಸ್ಟ್ ಕಂಪನಿ, ಅಂದರೆ ಸಿಐಸಿ. ಇನ್ನೊಂದು ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಷನ್, ಅಂದರೆ ಸಿಐಒ. ಸಿಐಸಿ ಬೇಗ ಆಗುತ್ತದೆ, ನಿಲ್ದಾಣದಲ್ಲಿ ಕೆಫೆಯಂಥ ವ್ಯವಹಾರ ನಡೆಸಲು ಸಲೀಸು, ಆದರೆ ಚಾರಿಟಿಗೆ ಸಿಗುವ ತೆರಿಗೆ ವಿನಾಯಿತಿ ಇಲ್ಲ. ಸಿಐಒಗೆ ಆ ವಿನಾಯಿತಿಯೂ ಉಂಟು, ಟ್ರಸ್ಟ್‌ಗಳ ಅನುದಾನವೂ ಸುಲಭ. ಆದರೆ ಚಾರಿಟಿಗಳನ್ನು ನೋಂದಾಯಿಸುವ ಚಾರಿಟಿ ಕಮಿಷನ್ ಒಪ್ಪುವವರೆಗೆ ಅದು ಅಸ್ತಿತ್ವಕ್ಕೇ ಬರುವುದಿಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ಅನುದಾನ ಬರಬೇಕಿದ್ದರೆ ಫೆಬ್ರವರಿಯಲ್ಲಿ ಅರ್ಜಿ ಹಾಕಿ ಕೂರಬೇಡಿ, ಹಿಂದಿನ ಬೇಸಿಗೆಯಲ್ಲೇ ಹಾಕಿ. ಸ್ಕಾಟ್‌ಲೆಂಡಿನ ನಿಯಮಗಳು ಬೇರೆ, ಅಲ್ಲಿ ನೋಂದಣಿ ಮಾಡಿಕೊಳ್ಳುವ ಸಂಸ್ಥೆಯೂ ಬೇರೆ.

ದುಡ್ಡಿನಲ್ಲಿ ದೊಡ್ಡ ಪಾಲು ಪಾರ್ಟ್‌ನರ್‌ಶಿಪ್‌ನ ದಿನನಿತ್ಯದ ಕೆಲಸ ನೋಡಿಕೊಳ್ಳುವ ಅಧಿಕಾರಿಯ ಸಂಬಳಕ್ಕೇ ಹೋಗುತ್ತದೆ. ಉದಾಹರಣೆಗೆ ಪೂರ್ಣಾವಧಿಗೆ 28,000 ಪೌಂಡ್ ಇರುವ ಹುದ್ದೆಯನ್ನು ಅರ್ಧ ಅವಧಿಗೆ ಇಟ್ಟುಕೊಂಡರೆ ಸಂಬಳ 14,000. ಮಾಲೀಕರು ಸರ್ಕಾರಕ್ಕೆ ಕಟ್ಟಬೇಕಾದ ಸಾಮಾಜಿಕ ಭದ್ರತೆಯ ವಂತಿಗೆ, ಅಂದರೆ ನ್ಯಾಷನಲ್ ಇನ್ಶೂರೆನ್ಸ್, 2025ರ ಏಪ್ರಿಲ್‌ನಿಂದ ಜಾರಿಯಾದ ದರದಂತೆ, 5,000ದ ಮೇಲಿನ ಮೊತ್ತಕ್ಕೆ ಶೇ. 15, ಅಂದರೆ 1,350 ಪೌಂಡ್. ಚಾರಿಟಿಯಾಗಿದ್ದರೆ ಈ ವಂತಿಗೆಗೆ ಸಿಗುವ ಎಂಪ್ಲಾಯ್‌ಮೆಂಟ್ ಅಲೋಯೆನ್ಸ್ ಎಂಬ ರಿಯಾಯಿತಿಯಲ್ಲಿ ಅದು ಪೂರ್ತಿ ಕಳೆದುಹೋಗಬಹುದು, ಕೌನ್ಸಿಲ್ ನೌಕರರಾಗಿದ್ದರೆ ಇಲ್ಲ. ಪೆನ್ಷನ್‌ಗೆ ಕನಿಷ್ಠ ಶೇ. 3 ಸೇರಿಸಿ. ಇದರ ಮೇಲೆ ಓಡಾಟ, ಲ್ಯಾಪ್‌ಟಾಪ್, ಮುದ್ರಣ, ವಿಮೆ. ನೌಕರರಿದ್ದರೆ ಕನಿಷ್ಠ 50 ಲಕ್ಷ ಪೌಂಡ್‌ನ ಎಂಪ್ಲಾಯರ್ಸ್ ಲಯಬಿಲಿಟಿ ವಿಮೆ ಕಾನೂನಿನಂತೆ ಕಡ್ಡಾಯ. ಸಾರ್ವಜನಿಕರಿಗೆ ಹಾನಿಯಾದರೆ ಪರಿಹಾರ ಭರಿಸುವ ಪಬ್ಲಿಕ್ ಲಯಬಿಲಿಟಿ ವಿಮೆ ಎಷ್ಟಿರಬೇಕೆಂದು ಆಪರೇಟರನ್ನೇ ಲಿಖಿತವಾಗಿ ಕೇಳಿ.

ಇಲ್ಲಿ ಆಗುವ ಎಡವಟ್ಟು ಹೆಚ್ಚಾಗಿ ಒಂದೇ: ಎಲ್ಲಾ ಅನುದಾನಗಳೂ ಒಂದೇ ಮಾರ್ಚ್ 31ಕ್ಕೆ ಮುಗಿಯುತ್ತವೆ, ಮುಂದಿನದು ಜೂನ್‌ನಲ್ಲಿ ಮಂಜೂರಾಗುತ್ತದೆ, ನಡುವಿನ ಮೂರು ತಿಂಗಳಲ್ಲಿ ಅಧಿಕಾರಿ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅವರ ಜತೆ ಶಾಲೆಗಳ ಪರಿಚಯ, ಸ್ವಯಂಸೇವಕರ ಪಟ್ಟಿ, ಸಾಮಾಜಿಕ ಜಾಲತಾಣದ ಪಾಸ್‌ವರ್ಡ್ ಎಲ್ಲವೂ ಹೋಗುತ್ತವೆ. ಮೂರು ತಿಂಗಳ ಸಂಬಳದಷ್ಟು ಮೀಸಲು ಇಟ್ಟುಕೊಳ್ಳಿ, ಪಾಸ್‌ವರ್ಡ್ ಇಬ್ಬರಲ್ಲಿರಲಿ.

ಸಮಿತಿಯಲ್ಲಿ ಎಂಟರಿಂದ ಹನ್ನೆರಡು ಜನ ಸಾಕು: ಆಪರೇಟರ್, ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್, ಕೌಂಟಿ ಕೌನ್ಸಿಲ್‌ನ ಸಾರಿಗೆ ವಿಭಾಗ, ಮಾರ್ಗದುದ್ದಕ್ಕೂ ಇರುವ ಟೌನ್ ಮತ್ತು ಪ್ಯಾರಿಷ್ ಕೌನ್ಸಿಲ್‌ಗಳು, ಬಸ್ ಕಂಪನಿ, ಒಂದು ಕಾಲೇಜು, ಅಂಗವಿಕಲರ ಸಂಘಟನೆ, ಪ್ರಯಾಣಿಕರ ಸಂಘ. ಬಸ್ ಕಂಪನಿಯನ್ನು ಕರೆಯಲು ಮರೆಯುವವರೇ ಹೆಚ್ಚು, ಅದರ ಫಲ ಏನೆಂದು ಕೆಳಗೆ ಹೇಳಿದ್ದೇನೆ. ಒಪ್ಪಂದಪತ್ರದಲ್ಲಿ ಒಂದು ಸಾಲು ಸೇರಿಸಿ: ಆಪರೇಟರ್ ಬದಲಾದರೆ ಈ ಒಪ್ಪಂದ ಮುಂದೆ ಬರುವ ಸಂಸ್ಥೆಗೂ ಅನ್ವಯಿಸುತ್ತದೆ ಎಂದು. 2024ರ ಕಾಯ್ದೆಯಡಿ ಖಾಸಗಿ ಆಪರೇಟರ್‌ಗಳ ಸೇವೆಗಳು ಒಂದೊಂದಾಗಿ ಸರ್ಕಾರದ ಕೈಗೆ ಮರಳುತ್ತಿವೆ, ನಿಮ್ಮ ಮಾರ್ಗದಲ್ಲೂ ಕಚೇರಿಯ ಹೆಸರು, ಮಾತಾಡುವ ಮುಖಗಳು ಬದಲಾಗುತ್ತವೆ.

ಇಷ್ಟಾದ ಮೇಲೆ ಅಕ್ರೆಡಿಟೇಶನ್, ಅಂದರೆ ಪಾರ್ಟ್‌ನರ್‌ಶಿಪ್‌ಗೆ ಅಧಿಕೃತ ಮಾನ್ಯತೆ. ಕಮ್ಯುನಿಟಿ ರೈಲ್ ಬಗೆಗಿನ 2018ರ ಸರ್ಕಾರಿ ಕಾರ್ಯನೀತಿ ನಾಲ್ಕು ವಿಷಯಗಳನ್ನು ಹೇಳುತ್ತದೆ: ಊರಿನವರ ದನಿಯಾಗುವುದು, ಪರಿಸರಕ್ಕೆ ಒಗ್ಗುವ ಮತ್ತು ಎಲ್ಲರಿಗೂ ಎಟಕುವ ಪ್ರಯಾಣ, ಎಲ್ಲರನ್ನೂ ಒಳಗೊಳ್ಳುವುದು, ಊರಿನ ಸಾಮಾಜಿಕ ಮತ್ತು ಆರ್ಥಿಕ ಬೆಳವಣಿಗೆ. ನಿಮ್ಮ ಕ್ರಿಯಾಯೋಜನೆಯ ಪ್ರತಿ ಕೆಲಸವನ್ನೂ ಈ ನಾಲ್ಕರಲ್ಲಿ ಒಂದಕ್ಕೆ ಜೋಡಿಸಿ ಬರೆಯಿರಿ. ಇಂಥ ಪಾರ್ಟ್‌ನರ್‌ಶಿಪ್‌ಗಳ ಒಕ್ಕೂಟವಾದ ಕಮ್ಯುನಿಟಿ ರೈಲ್ ನೆಟ್‌ವರ್ಕ್‌ನ ಸದಸ್ಯರಾದರೆ ಅರ್ಜಿ ತುಂಬಲು ಅವರೇ ನೆರವಾಗುತ್ತಾರೆ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಎನ್ನುವ ಕೆಲಸ: ಎಣಿಕೆ. ಮರುತೆರೆದ ಮಾರ್ಗದಲ್ಲಿ ಮೊದಲ ಆರು ತಿಂಗಳು ರೈಲು ನೋಡಲೆಂದೇ ಜನ ಬರುತ್ತಾರೆ. ಆ ಜಾತ್ರೆ ಕರಗಿದ ಮೇಲೆ ಉಳಿಯುವವರು ಯಾರು, ಯಾವ ರೈಲಿಗೆ, ಯಾಕೆ ಎನ್ನುವುದು ಗೊತ್ತಿಲ್ಲದಿದ್ದರೆ ಮುಂದಿನ ಯಾವ ಬೇಡಿಕೆಗೂ ಬಲವಿಲ್ಲ. ರೈಲು ನಿಯಂತ್ರಣ ಸಂಸ್ಥೆಯಾದ ಓಆರ್‌ಆರ್ (ಆಫೀಸ್ ಆಫ್ ರೈಲ್ ಅಂಡ್ ರೋಡ್) ಪ್ರತಿ ನಿಲ್ದಾಣದ ಪ್ರಯಾಣಿಕರ ಅಂದಾಜು ಪ್ರಕಟಿಸುತ್ತದೆ ನಿಜ, ಆದರೆ ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ, ಕೈಗೆ ಸಿಗುವುದು ವರ್ಷದ ಕೊನೆಗೆ. ಅಂದಾಜಿಗೆ ಆಧಾರ ಬಹುಮಟ್ಟಿಗೆ ಟಿಕೆಟ್ ಮಾರಾಟ, ಹಾಗಾಗಿ ಗೇಟಿಲ್ಲದ ನಿಲ್ದಾಣದಲ್ಲಿ ಟಿಕೆಟ್ ಇಲ್ಲದೆ ಹತ್ತಿದವರು ಲೆಕ್ಕದಿಂದ ಜಾರಿಹೋಗುತ್ತಾರೆ. ಆಪರೇಟರ್ ಕೊಡುವ ಅಂಕಿಗಳು ನಾಲ್ಕು ವಾರಗಳ 13 ಅವಧಿಗಳಲ್ಲಿ ಬರುತ್ತವೆ. ಅವನ್ನು ನಿಮ್ಮ ತಿಂಗಳ ಲೆಕ್ಕದ ಪಕ್ಕ ಇಟ್ಟು ಹೋಲಿಸಿದರೆ ಇಲ್ಲದ ಏರಿಳಿತ ಕಾಣಿಸುತ್ತದೆ.

ನಿಮ್ಮ ಎಣಿಕೆ ಹೀಗಿರಲಿ. ಹಾಳೆಯಲ್ಲಿ ಎಂಟು ಕಾಲಂ: ರೈಲಿನ ನಿಗದಿತ ಹೊತ್ತು, ಬಂದ ಹೊತ್ತು, ಬೋಗಿಗಳೆಷ್ಟು, ಇಳಿದವರು, ಹತ್ತಿದವರು, ವೀಲ್‌ಚೇರ್, ಮಗುವಿನ ತಳ್ಳುಗಾಡಿ, ಸೈಕಲ್. ಎರಡು ಬೋಗಿಯ ರೈಲಿಗೆ ಇಬ್ಬರು ಬೇಕು, ಒಬ್ಬರು ಇಳಿಯುವವರನ್ನು, ಇನ್ನೊಬ್ಬರು ಹತ್ತುವವರನ್ನು ಎಣಿಸಬೇಕು. ಒಬ್ಬರೇ ಎರಡನ್ನೂ ಎಣಿಸಿದರೆ ಬಾಗಿಲಲ್ಲಿ ಜನ ಒತ್ತೊತ್ತಾಗಿ ಇಳಿಯುವಾಗ ತಪ್ಪುತ್ತದೆ. ವರ್ಷಕ್ಕೆ ಎರಡು ವಾರ ಸಾಕು, ಆದರೆ ಪ್ರತಿ ವರ್ಷ ಅದೇ ವಾರಗಳು. ಶಾಲಾ ರಜೆ ಬೇಡ, ಒಂದು ವಾರ ಚಳಿಗಾಲದ್ದಿರಲಿ. ರೈಲು ಕಾಯುತ್ತಿರುವವರಿಗೆ ಮೂರೇ ಪ್ರಶ್ನೆ: ನಿಲ್ದಾಣಕ್ಕೆ ಹೇಗೆ ಬಂದಿರಿ, ಎಲ್ಲಿಗೆ ಹೊರಟಿದ್ದೀರಿ, ಈ ರೈಲು ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ. ಕೊನೆಯ ಪ್ರಶ್ನೆಗೆ ‘ಹೋಗುತ್ತಲೇ ಇರಲಿಲ್ಲ’ ಎಂದವರ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೌನ್ಸಿಲ್ ಮುಂದೆ ಅನುದಾನ ಕೇಳುವಾಗ ಅದಕ್ಕಿಂತ ಗಟ್ಟಿ ಮಾತು ಇನ್ನೊಂದಿಲ್ಲ.

ಬಸ್ಸಿನ ವಿಷಯ. ರೈಲು 10:12ಕ್ಕೆ ಬಂದು ಬಸ್ಸು 10:09ಕ್ಕೆ ಹೊರಟುಹೋಗುವುದು ಯಾರ ಕೆಟ್ಟತನವೂ ಅಲ್ಲ, ಎರಡು ಪಂಚಾಂಗಗಳ ತಾಳ ತಪ್ಪಿರುವುದು. ರೈಲಿನ ವೇಳಾಪಟ್ಟಿ ಬದಲಾಗುವುದು ವರ್ಷಕ್ಕೆ ಎರಡು ಸಲ, ಮೇ ಮತ್ತು ಡಿಸೆಂಬರ್ ಮಧ್ಯದಲ್ಲಿ. ಆಪರೇಟರ್ ತಮ್ಮ ಬೇಡಿಕೆಯನ್ನು ನೆಟ್‌ವರ್ಕ್ ರೈಲ್‌ಗೆ ಕೊಡುವುದು 40 ವಾರ ಮುಂಚೆ, ಅಂದರೆ ಡಿಸೆಂಬರ್‌ನ ಪಟ್ಟಿಗೆ ಮಾರ್ಚ್ ಆರಂಭದಲ್ಲೇ. ನಿಮ್ಮ ‘ಸಂಜೆ ಇನ್ನೊಂದು ರೈಲು ಬೇಕು’ ಎಂಬ ಪತ್ರ ಸೆಪ್ಟೆಂಬರ್‌ನಲ್ಲಿ ಹೋದರೆ ಅದು ಆ ಡಿಸೆಂಬರ್‌ಗಲ್ಲ, ಮುಂದಿನ ಮೇಗೂ ಅಲ್ಲ. ನೆಟ್‌ವರ್ಕ್ ರೈಲ್ ಪಟ್ಟಿಯ ಪ್ರಸ್ತಾವ ಕೊಡುವುದು 26 ವಾರ ಮುಂಚೆ, ಪ್ರಯಾಣಿಕರಿಗೆ ಖಚಿತವಾಗುವುದು ಸುಮಾರು 12 ವಾರ ಮುಂಚೆ. ಅತ್ತ ಬಸ್ ಕಂಪನಿ ಹೊಸ ಹೊತ್ತನ್ನು ನೋಂದಾಯಿಸಲು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 70 ದಿನ ಬೇಕು: ಮೊದಲು ಕೌನ್ಸಿಲ್‌ಗೆ 28 ದಿನ, ಆಮೇಲೆ ಬಸ್ ಸೇವೆಗಳನ್ನು ನೋಂದಾಯಿಸುವ ಟ್ರಾಫಿಕ್ ಕಮಿಷನರ್‌ಗೆ 42 ದಿನ. 12 ವಾರದ 84 ದಿನಗಳಲ್ಲಿ 70 ಕಳೆದರೆ ಬಸ್ ಕಂಪನಿಗೆ ಉಳಿಯುವುದು ಬರೀ ಎರಡು ವಾರ. ಅದಕ್ಕೇ ಜೂನ್‌ನಲ್ಲಿ ಪ್ರಸ್ತಾವ ಬಂದ ಕೂಡಲೇ ಆಪರೇಟರ್‌ನಿಂದ ಕರಡು ಕೇಳಿ ಪಡೆದು ಬಸ್ ಕಂಪನಿಯ ವೇಳಾಪಟ್ಟಿ ಮಾಡುವವರ ಮುಂದಿಡುವುದು ಪಾರ್ಟ್‌ನರ್‌ಶಿಪ್‌ನ ಕೆಲಸ. ಗ್ರೇಟರ್ ಮ್ಯಾಂಚೆಸ್ಟರ್‌ನಂತೆ ಬಸ್ಸುಗಳು ಸಾರಿಗೆ ಪ್ರಾಧಿಕಾರದ ಹಿಡಿತದಲ್ಲಿರುವ ಕಡೆ ಮಾತು ನೇರವಾಗಿ ಪ್ರಾಧಿಕಾರದ ಜತೆಗೇ.

ನಿಲ್ದಾಣ ದತ್ತು, ಅಂದರೆ ಸ್ವಯಂಸೇವಕರು ನಿಲ್ದಾಣದ ಅಂದಚೆಂದ ನೋಡಿಕೊಳ್ಳುವುದು, ಎಂದರೆ ಎಲ್ಲರ ತಲೆಗೆ ಬರುವುದು ಹೂಕುಂಡ. ಅದರ ಲೆಕ್ಕವನ್ನೂ ಮೊದಲೇ ಹಾಕಿ. 120 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ತೊಟ್ಟಿಗೆ ಸುಮಾರು 190 ಲೀಟರ್ ಮಣ್ಣು ಹಿಡಿಸುತ್ತದೆ. ನೀರು ಕುಡಿದ ಮೇಲೆ ಅದರ ತೂಕ 150ರಿಂದ 200 ಕಿಲೋ, ಒಮ್ಮೆ ಇಟ್ಟರೆ ಕೈಯಲ್ಲಿ ಸರಿಸುವ ಮಾತಿಲ್ಲ. ಬೇಸಿಗೆಯಲ್ಲಿ ವಾರಕ್ಕೆ ಮೂರು ಸಲ, ಸಲಕ್ಕೆ 15-20 ಲೀಟರ್ ನೀರು ಬೇಕು. ಅಂಥ ಆರು ತೊಟ್ಟಿ ಎಂದರೆ ಒಂದು ಸುತ್ತಿಗೇ ಹತ್ತು ಲೀಟರಿನ ಒಂಬತ್ತರಿಂದ ಹನ್ನೆರಡು ಕ್ಯಾನ್. ನಲ್ಲಿ ಇಲ್ಲದ ನಿಲ್ದಾಣದಲ್ಲಿ ಆಗಸ್ಟ್ ಹೊತ್ತಿಗೆ ಒಣಗಿದ ಕಡ್ಡಿಗಳು ಉಳಿಯುವುದು ಇದರಿಂದಲೇ. ಎರಡೇ ತೊಟ್ಟಿಯಿಂದ ಶುರು ಮಾಡಿ, ತಳದಲ್ಲಿ ನೀರು ಹಿಡಿದಿಡುವಂಥದ್ದನ್ನು ತನ್ನಿ, ಲ್ಯಾವೆಂಡರ್, ಥೈಮ್, ಸೀಡಮ್‌ನಂಥ ಬರ ತಾಳುವ ಗಿಡ ಹಾಕಿ. ಸಿಸಿಟಿವಿಗೆ ಅಡ್ಡವಾಗುವಷ್ಟು ಎತ್ತರ ಬೆಳೆಯುವುದು ಬೇಡ. ಅಂಚಿನ ಬಳಿಯ ಉಬ್ಬುಚುಕ್ಕೆಯ ಪಟ್ಟಿ ದೃಷ್ಟಿ ಇಲ್ಲದವರಿಗೆ ದಾರಿ ತೋರಿಸುವಂಥದ್ದು, ಅದರ ಹತ್ತಿರವೂ ಏನನ್ನೂ ಇಡಬೇಡಿ. ತೊಟ್ಟಿ ಎಲ್ಲಿ, ಕೆಲಸ ಮಾಡುವವರು ಅಂಚಿನಿಂದ ಎಷ್ಟು ದೂರ, ಯಾವ ಬಣ್ಣದ ಜಾಕೆಟ್ ಎಂಬುದೆಲ್ಲ ದತ್ತು ಒಪ್ಪಂದದಲ್ಲಿ ಬರೆದಿರುತ್ತದೆ, ಸಹಿಯಾಗುವ ಮುಂಚೆ ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಕುಂಚವನ್ನೂ ಆಡಿಸಬೇಡಿ.

ಹೂವಿಗಿಂತ ಮೊದಲು ಆಗಬೇಕಾದದ್ದು ಶಾಲೆಗಳ ಕೆಲಸ. ಮುಚ್ಚಿದ್ದ ಮಾರ್ಗ ಎಷ್ಟೋ ಕಡೆ ನಾಯಿ ಸುತ್ತಾಡಿಸುವ ಜಾಗವಾಗಿ, ಶಾಲೆಗೆ ಅಡ್ಡದಾರಿಯಾಗಿ ಬಳಕೆಯಲ್ಲಿರುತ್ತದೆ. ಗೂಡ್ಸ್ ಮಾತ್ರ ಓಡುತ್ತಿದ್ದಲ್ಲಿ ಜನ ‘ಇಲ್ಲಿ ರೈಲು ಅಪರೂಪ, ಬಂದರೂ ನಿಧಾನ’ ಎಂದು ನಂಬಿರುತ್ತಾರೆ. ಈಗ ಅದೇ ಹಳಿಯ ಮೇಲೆ ಗಂಟೆಗೊಂದು ರೈಲು ವೇಗವಾಗಿ, ಹೆಚ್ಚು ಸದ್ದಿಲ್ಲದೆ ಬರುತ್ತದೆ. ಹಳಿಯಿಂದ ಒಂದೆರಡು ಮೈಲಿ ಒಳಗಿನ ಪ್ರತಿ ಶಾಲೆಗೂ ಮೊದಲ ವರ್ಷದಲ್ಲೇ ಹೋಗಿ, ನೆಟ್‌ವರ್ಕ್ ರೈಲ್‌ನವರನ್ನು ಜತೆಗೆ ಕರೆದೊಯ್ಯಿರಿ. ಪಾಠವಾದ ಮೇಲೆ ಮಕ್ಕಳನ್ನು ನಿಜವಾದ ರೈಲಿನಲ್ಲಿ ಒಂದು ನಿಲ್ದಾಣದವರೆಗೆ ಕರೆದುಕೊಂಡು ಹೋಗಿ. ರೈಲ್ವೆ ಪೊಲೀಸರಿಗೆ ಮೆಸೇಜ್ ಕಳಿಸುವ 61016 ಸಂಖ್ಯೆ ಪ್ರತಿ ಮಗುವಿನ ಮನೆಗೆ ತಲುಪಲಿ.

ದೊಡ್ಡವರಿಗೂ ಕಲಿಸಬೇಕಾದ್ದಿದೆ. ಆಶಿಂಗ್ಟನ್‌ನಲ್ಲಿ 1964ರಲ್ಲಿ ನಿಂತ ಪ್ರಯಾಣಿಕರ ರೈಲು ಮರಳಿದ್ದು 2024ರ ಡಿಸೆಂಬರ್ 15ರಂದು. ಅಷ್ಟು ಅಂತರವಿರುವ ಊರಿನಲ್ಲಿ ಅರವತ್ತು ದಾಟದವರು ಯಾರೂ ತಮ್ಮೂರಿನಿಂದ ರೈಲು ಹತ್ತಿರುವುದಿಲ್ಲ. ಟಿಕೆಟ್ ಯಂತ್ರದ ಪರದೆ, ಬಾಗಿಲು ತೆರೆಯುವ ಗುಂಡಿ, ಯಾವ ಟಿಕೆಟ್ ಯಾವ ರೈಲಿಗೆ ನಡೆಯುತ್ತದೆ ಎನ್ನುವ ಗೊಂದಲಗಳೇ ಎಷ್ಟೋ ಜನರನ್ನು ಮನೆಯಲ್ಲಿ ಕೂರಿಸುತ್ತವೆ. ಎಂಟು ಹತ್ತು ಜನರ ಗುಂಪು ಮಾಡಿ ಕರೆದುಕೊಂಡು ಹೋಗಿ, ಪ್ರತಿಯೊಬ್ಬರೂ ತಮ್ಮ ಟಿಕೆಟ್ಟನ್ನು ತಾವೇ ತೆಗೆಯಲಿ. ಅಂಗವಿಕಲರಿದ್ದರೆ ಪ್ಯಾಸೆಂಜರ್ ಅಸಿಸ್ಟ್ ಸಹಾಯವನ್ನು ಅವರ ಕೈಯಿಂದಲೇ ಬುಕ್ ಮಾಡಿಸಿ, ಈಗ ಎರಡು ಗಂಟೆ ಮುಂಚೆ ಹೇಳಿದರೂ ಆಗುತ್ತದೆ. ಒಂದು ತಿಂಗಳ ಬಳಿಕ ಅದೇ ಗುಂಪಿಗೆ ಫೋನ್ ಮಾಡಿ, ಎಷ್ಟು ಜನ ತಾವಾಗಿಯೇ ಮತ್ತೆ ರೈಲು ಹತ್ತಿದರೆಂದು ಕೇಳಿ ಬರೆದಿಡಿ. ಯಾರೂ ಹತ್ತಿಲ್ಲವೆಂದರೆ ಯಾಕೆಂದು ಕೇಳಿ. ‘ವಾಪಸ್ ಬರುವ ಕೊನೆಯ ಬಸ್ಸು ಐದೂವರೆಗೇ ಹೋಗುತ್ತೆ’ ಎಂಬಂಥ ಉತ್ತರ ಅಲ್ಲಿ ಸಿಗುತ್ತದೆ, ಅದನ್ನು ತೆಗೆದುಕೊಂಡು ಮಾರ್ಚ್ ಒಳಗೆ ಆಪರೇಟರ್ ಮತ್ತು ಬಸ್ ಕಂಪನಿ ಇಬ್ಬರ ಬಳಿಯೂ ಹೋಗಿ.