ಮೆಕ್ಯಾನಿಕಲ್ ಓದಲು ಯಾವ ಲ್ಯಾಪ್‌ಟಾಪ್ ತಗೊಳ್ಳಬೇಕು?

ಈ ವರ್ಷ ಮೆಕ್ಯಾನಿಕಲ್‌ಗೆ ಸೇರುತ್ತಿದ್ದೇನೆ, ಕೈಯಲ್ಲಿ 70 ಸಾವಿರ ಇದೆ, ಮ್ಯಾಕ್‌ಬುಕ್ ತಗೊಳ್ಳಲಾ, ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ದಿನವೆಲ್ಲಾ ಯಂತ್ರದ ಭಾಗಗಳನ್ನು ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರ್‌ನಲ್ಲೇ ಕಳೆಯುತ್ತದೆ, ಆ ಅನುಭವದಿಂದ ಹೇಳುತ್ತೇನೆ: ಮ್ಯಾಕ್‌ಬುಕ್ ಬೇಡ. ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಸಾಲಿಡ್ ಎಡ್ಜ್, ಆನ್ಸಿಸ್, ನಿಮ್ಮ ಓದಿಗೆ ಬೇಕಾಗುವ ಈ ಸಾಫ್ಟ್‌ವೇರ್‌ಗಳು ಯಾವುವೂ ಮ್ಯಾಕ್‌ಗೆ ಬರುವುದಿಲ್ಲ. ಆಟೋಕ್ಯಾಡ್, ಫ್ಯೂಷನ್ ಬರುತ್ತವೆ, ಆದರೆ ಅಷ್ಟಕ್ಕೇ ನಾಲ್ಕು ವರ್ಷ ಸಾಗುವುದಿಲ್ಲ. ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನೂ ಬಿಡಿ, ಈ ಸಾಫ್ಟ್‌ವೇರ್‌ಗಳನ್ನು ಮಾಡಿರುವುದು ಇಂಟೆಲ್, ಎಎಮ್‌ಡಿ ಚಿಪ್‌ಗಳಿಗೆ.

ಇನ್ನು ಗೇಮಿಂಗ್ ಲ್ಯಾಪ್‌ಟಾಪ್. ಅಂಗಡಿಯಲ್ಲಿ ಮೊದಲು ಗ್ರಾಫಿಕ್ಸ್ ಕಾರ್ಡ್ ಹೆಸರೇ ಹೇಳುತ್ತಾರೆ. ನೀವು ಮೊದಲು ಪ್ರೊಸೆಸರ್ ಕೇಳಿ. ಯಾಕೆ ಅಂದರೆ, ಒಂದು ಪಾರ್ಟ್ ಮಾಡುವಾಗ ಮೊದಲು ಒಂದು ಬ್ಲಾಕ್ ಎಳೆಯುತ್ತೀರಿ, ಅದರ ಮುಖದ ಮೇಲೆ ತೂತು ಕೊಡುತ್ತೀರಿ, ಆ ತೂತಿನ ಅಂಚಿಗೆ ಫಿಲೆಟ್ ಹಾಕುತ್ತೀರಿ (ಅಂದರೆ ಅಂಚನ್ನು ದುಂಡಗೆ ಮಾಡುತ್ತೀರಿ), ಹೀಗೆ ಪ್ರತಿಯೊಂದೂ ಹಿಂದಿನದರ ಮೇಲೆ ನಿಂತಿರುತ್ತದೆ. ಮೇಲಿನ ಒಂದು ಅಳತೆ ಬದಲಿಸಿದರೆ ಸಾಫ್ಟ್‌ವೇರ್ ಎಲ್ಲವನ್ನೂ ಒಂದಾದ ಮೇಲೆ ಒಂದರಂತೆ ಮತ್ತೆ ಲೆಕ್ಕ ಹಾಕಬೇಕು. ಆಗ ಹೆಚ್ಚು ಕೆಲಸ ಮಾಡುವುದು ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳಲ್ಲಿ, ಅಂದರೆ ಕೋರ್‌ಗಳಲ್ಲಿ, ಒಂದೇ ಕೋರ್, ಉಳಿದವು ಸುಮ್ನೆ ಕೂತಿರುತ್ತವೆ. ಅದಕ್ಕೇ ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದು ಕೋರ್ ಎಷ್ಟು ವೇಗ ಅನ್ನುವುದೇ ಮುಖ್ಯ. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಚ್, ಎಚ್‌ಎಸ್ ಅಥವಾ ಎಚ್‌ಎಕ್ಸ್ ಇದ್ದರೆ ಒಳ್ಳೆಯದು. ಯು ಇದ್ದರೆ ಅದು ಬ್ಯಾಟರಿ ಉಳಿಸಲು ಮಾಡಿದ್ದು, ನಿಮಗಲ್ಲ.

ಭಾಗದ ಮೇಲೆ ಭಾರ ಬಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡುವ ಆನ್ಸಿಸ್‌ನಂಥ ಸಿಮ್ಯುಲೇಷನ್‌ಗೆ ಜಾಸ್ತಿ ಕೋರ್, ಜಾಸ್ತಿ ರ‍್ಯಾಮ್ ಬೇಕಾಗುವುದು ನಿಜ. ಆದರೆ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುವ ಆವೃತ್ತಿಯಲ್ಲಿ ಸ್ಟ್ರಕ್ಚರಲ್ ಲೆಕ್ಕಕ್ಕೆ 1,28,000 ನೋಡ್‌ಗಳ (ಭಾಗವನ್ನು ಸಣ್ಣ ತುಂಡುಗಳಾಗಿ ಒಡೆದಾಗ ಅವು ಕೂಡುವ ಬಿಂದುಗಳ) ಮಿತಿ ಇದೆ. ಅಷ್ಟಕ್ಕೆ 16 ಜಿಬಿ ಸಾಕು. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದಾರಾ, ಖಾಲಿ ಸ್ಲಾಟ್ ಇದೆಯಾ ಅಂತ ಖಂಡಿತ ಕೇಳಿ. ಬೆಸೆದಿದ್ದರೆ ಫೈನಲ್ ಇಯರ್ ಪ್ರಾಜೆಕ್ಟ್ ಹೊತ್ತಿಗೆ ಏರಿಸಲು ದಾರಿಯೇ ಇರುವುದಿಲ್ಲ.

ಗ್ರಾಫಿಕ್ಸ್‌ಗೆ ಆರ್‌ಟಿಎಕ್ಸ್ 3050 ಅಥವಾ 4050 ಸಾಕು, ಅದಕ್ಕಿಂತ ಮೇಲೆ ದುಡ್ಡು ಸುರಿಯಬೇಡಿ. ಸಾಫ್ಟ್‌ವೇರ್ ಹಾಕಿದ ಮೇಲೆ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ಗೆ ಹೋಗಿ ಅದಕ್ಕೆ ಹೈ ಪರ್ಫಾರ್ಮೆನ್ಸ್ ಆಯ್ಕೆ ಮಾಡಿ. ಇಲ್ಲದಿದ್ದರೆ ಕೆಲವೊಮ್ಮೆ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್‌ನಲ್ಲೇ ಓಡುತ್ತಿರುತ್ತದೆ, ಕೊಂಡ ಕಾರ್ಡ್ ದಂಡ.

ದುಡ್ಡು ಕಮ್ಮಿ ಬಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕಂಪನಿಗಳು ಬಳಸಿ ಬಿಟ್ಟ ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್, ಥಿಂಕ್‌ಪ್ಯಾಡ್ ಪಿ ಸರಣಿ ಹುಡುಕಿ. ಭಾರ ಇರುತ್ತವೆ, ಬ್ಯಾಟರಿ ಸೋತಿರಬಹುದು, ಆದರೆ ಇವನ್ನು ಮಾಡಿರುವುದೇ ಈ ಕೆಲಸಕ್ಕೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದು ಮಾತ್ರ ಬೇಡ, ಅಂಥವುಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11 ಬೆಂಬಲ ಇಲ್ಲ.

ಅವಸರವೂ ಇಲ್ಲ. ಮೊದಲ ವರ್ಷದ ಕಂಪ್ಯೂಟರ್ ಡ್ರಾಯಿಂಗ್ ಕಾಲೇಜಿನ ಲ್ಯಾಬ್‌ನಲ್ಲೇ ನಡೆಯುತ್ತದೆ. ಅಲ್ಲಿ ಯಾವ ಸಾಫ್ಟ್‌ವೇರ್ ಇದೆ ಅಂತ ಸೀನಿಯರ್‌ಗಳನ್ನು ಕೇಳಿಕೊಂಡು ಆಮೇಲೆ ಕೊಳ್ಳಿ. ಜೊತೆಗೆ ಒಂದು ಒಳ್ಳೆಯ ಮೌಸ್ ತಗೊಳ್ಳಿ. ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ತಿರುಗಿಸಲು ಮೌಸ್‌ನ ಚಕ್ರವನ್ನೇ ಒತ್ತಿ ಹಿಡಿಯಬೇಕು, ಟಚ್‌ಪ್ಯಾಡ್‌ನಲ್ಲಿ ಆ ಕೆಲಸ ಆಗುವುದಿಲ್ಲ.