ಒಂದು ದಿನದ ಬಣ್ಣ: ಕೂದಲಿನ ಗೆರೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಕೂದಲು ಅಚ್ಚ ಕಪ್ಪು. ಸಂಜೆಯ ಸಮಾರಂಭಕ್ಕೆ ಎರಡು ಮೂರು ನೀಲಿ ಗೆರೆ ಬೇಕು, ಮರುದಿನ ಕೆಲಸಕ್ಕೆ ಹೋಗುವಾಗ ಅದು ಇರಬಾರದು. ಬ್ಲೀಚ್ ಮಾಡದೆ, ಅಂದರೆ ಕೂದಲಿನ ಸ್ವಂತ ಬಣ್ಣ ತೆಗೆಯದೆ, ಹಚ್ಚಿದ ಬಣ್ಣ ಎದ್ದು ಕಾಣುವುದೇ ಇಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಅರ್ಧ ನಿಜ. ಕೂದಲಿನೊಳಕ್ಕೆ ಇಳಿಯುವ ಡೈಗಳು ಪಾರದರ್ಶಕ. ಕಪ್ಪು ಹಾಳೆಯ ಮೇಲೆ ಜಲವರ್ಣ ಬಳಿದ ಹಾಗೆ, ಕೂದಲಿನ ಸ್ವಂತ ಕಪ್ಪು ಅವನ್ನು ನುಂಗಿಬಿಡುತ್ತದೆ. ಬ್ಲೀಚ್ ಬೇಕು ಅನ್ನುವ ಮಾತು ಅವುಗಳಿಗೆ ಸಲ್ಲುತ್ತದೆ. ಆದರೆ ಕಲರ್ ವ್ಯಾಕ್ಸ್ (ಬಣ್ಣ ಬೆರೆತ ಮೇಣದಂಥ ಮುಲಾಮು), ಹೇರ್ ಚಾಕ್ (ಕೂದಲಿಗೆ ಉಜ್ಜುವ ಬಣ್ಣದ ಸೀಮೆಸುಣ್ಣ), ಹೇರ್ ಮಸ್ಕಾರಾ (ಸಣ್ಣ ಬ್ರಷ್ ಕಡ್ಡಿಯಿಂದ ಹಚ್ಚುವ ಬಣ್ಣ), ಕಲರ್ ಸ್ಪ್ರೇ ಇವೆಲ್ಲ ಪಿಗ್ಮೆಂಟ್‌ನಿಂದ ಕೆಲಸ ಮಾಡುತ್ತವೆ. ಪಿಗ್ಮೆಂಟ್ ಅಂದರೆ ನೀರಿನಲ್ಲಿ ಕರಗದ ನುಣುಪಾದ ಬಣ್ಣದ ಪುಡಿ. ಅದು ಕೂದಲಿನ ಹೊರಮೈ ಮೇಲೆ ಪದರವಾಗಿ ಕೂತು ಕೆಳಗಿನ ಕಪ್ಪನ್ನು ಮುಚ್ಚುತ್ತದೆ, ತೊಳೆದರೆ ಹೋಗುತ್ತದೆ. ಒಂದು ಸಂಜೆಯ ಬಣ್ಣಕ್ಕಾಗಿ ಬ್ಲೀಚ್ ಮಾಡಬೇಡಿ. ಬಣ್ಣ ತೊಳೆದುಹೋದ ಮೇಲೂ ಬ್ಲೀಚ್ ಆದ ಭಾಗ ಹಳದಿಯಾಗಿ, ಒರಟಾಗಿ ಉಳಿಯುತ್ತದೆ. ಹಳದಿಯನ್ನು ಮತ್ತೆ ಡೈ ಹಾಕಿ ಮುಚ್ಚಬಹುದು, ಆದರೆ ಆದ ಹಾನಿ ಆ ಕೂದಲು ಬೆಳೆದು ಕತ್ತರಿಸುವವರೆಗೂ ಹೋಗದು.

ನಿಮ್ಮ ಅಗತ್ಯಕ್ಕೆ ಕಲರ್ ವ್ಯಾಕ್ಸ್ ಎಲ್ಲಕ್ಕಿಂತ ಒಳ್ಳೆಯದು. ಕೂದಲಲ್ಲಿ ಎಣ್ಣೆಯ ಅಂಶ ಇರಬಾರದು, ಆದ್ದರಿಂದ ಮೊದಲು ಶಾಂಪೂ ಹಾಕಿ ತೊಳೆಯಿರಿ. ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ, ತುಸು ತೇವ ಮಾತ್ರ ಉಳಿಯಲಿ. ಬಾಲದ ಬಾಚಣಿಗೆಯಿಂದ (ಉದ್ದನೆಯ ಚೂಪು ಹಿಡಿ ಇರುವಂಥದ್ದು) ಸುಮಾರು 1 ಸೆಂಟಿಮೀಟರ್ ಅಗಲದ ಎಳೆ ಬೇರ್ಪಡಿಸಿ, ಉಳಿದ ಕೂದಲನ್ನು ಕ್ಲಿಪ್ ಹಾಕಿ ಹಿಂದಕ್ಕೆ ಕಟ್ಟಿ. ಕೈಗೆ ಗ್ಲೌಸ್, ಹೆಗಲ ಮೇಲೆ ಹಳೆಯ ಟವೆಲ್. ಬೆರಳ ತುದಿಯಷ್ಟು ವ್ಯಾಕ್ಸ್ ತೆಗೆದುಕೊಂಡು ಎರಡು ಬೆರಳ ನಡುವೆ ಹರಡಿ, ಬುಡದಿಂದ 2 ಸೆಂಟಿಮೀಟರ್ ಬಿಟ್ಟು ತುದಿಯವರೆಗೆ ಎಳೆಯ ಎರಡೂ ಬದಿಗೆ ಒತ್ತುತ್ತಾ ಇಳಿಸಿ. ಅದು ಹಸಿಯಾಗಿರುವಾಗಲೇ ಒಮ್ಮೆ ಬಾಚಿ. ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಪೂರ್ತಿ ಒಣಗಿಸಿ, ಆಮೇಲೆ ಎರಡನೆಯ ತೆಳು ಪದರ ಕೊಡಿ.

ಹೆಚ್ಚಿನವರು ಎಡವುವುದು ಇಲ್ಲೇ: ಒಂದೇ ಸಲಕ್ಕೆ ದಪ್ಪಗೆ ಬಳಿಯುತ್ತಾರೆ. ದಪ್ಪ ಪದರ ಒಣಗಿದ ಮೇಲೆ ಗಡುಸಾಗಿ, ಕೂದಲು ಬಾಗಿದಲ್ಲೆಲ್ಲ ಬಿರಿದು ಹೊಟ್ಟಿನಂತೆ ಉದುರುತ್ತದೆ. ಕೂದಲು ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ವ್ಯಾಕ್ಸ್ ತೆಳುವಾಗಿ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಒಣಗಿದ ಮೇಲೆ ಬಾಚುವುದು, ಬೆರಳಾಡಿಸುವುದು ಬೇಡ. ತೆಗೆಯುವಾಗ ಬೆಚ್ಚಗಿನ ನೀರು ಮತ್ತು ಶಾಂಪೂ ಸಾಮಾನ್ಯವಾಗಿ ಸಾಕು. ಜಿಗುಟು ಉಳಿದರೆ ತೊಳೆಯುವ ಮೊದಲು ಆ ಎಳೆಗಷ್ಟೇ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ವ್ಯಾಕ್ಸ್ ಎಣ್ಣೆಯಲ್ಲಿ ಸಡಿಲಗೊಳ್ಳುತ್ತದೆ, ನೀರಿಗಷ್ಟೇ ಅದು ಜಗ್ಗುವುದಿಲ್ಲ.

ಪ್ರಶ್ನೆ: ಹೇರ್ ಚಾಕ್ ತಂದು ಉಜ್ಜಿದರೆ ಬಣ್ಣ ಹತ್ತುವುದೇ ಇಲ್ಲ. ಹತ್ತಿದಷ್ಟೂ ಒಂದು ಗಂಟೆಯಲ್ಲಿ ಭುಜದ ಮೇಲೆ ಉದುರಿರುತ್ತದೆ. ಏನು ತಪ್ಪಾಗುತ್ತಿದೆ?

ಉತ್ತರ: ಬಹುಶಃ ಒಣ ಕೂದಲಿಗೆ ಉಜ್ಜುತ್ತಿದ್ದೀರಿ. ಕಪ್ಪು ಅಥವಾ ಗಾಢ ಕಂದು ಕೂದಲಿಗೆ ಚಾಕ್ ಹಚ್ಚುವ ಮೊದಲು ಎಳೆಯನ್ನು ನೀರು ಚಿಮುಕಿಸಿ ಒದ್ದೆ ಮಾಡಬೇಕು. ನೀರು ಸೇರಿದಾಗ ಚಾಕ್ ಮೆತ್ತಗಾಗಿ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಒಣ ಕೂದಲ ಮೇಲಾದರೆ ಪುಡಿ ಸುಮ್ಮನೆ ಕೂತಿರುತ್ತದೆ, ತಲೆ ಅಲ್ಲಾಡಿಸಿದರೆ ಹೋಗುತ್ತದೆ. ತಿಳಿಬಣ್ಣದ ಕೂದಲಿನವರು ಮಾತ್ರ ಇದಕ್ಕೆ ವಿರುದ್ಧವಾಗಿ ಒಣ ಕೂದಲಿಗೇ ಹಚ್ಚಬೇಕು. ಕಾರಣವನ್ನು ಮುಂದಿನ ಉತ್ತರದಲ್ಲಿ ನೋಡಿ.

ಉಜ್ಜುವ ದಿಕ್ಕೂ ಮುಖ್ಯ. ಪ್ರತಿ ಕೂದಲ ಹೊರಮೈಯಲ್ಲಿ ಸೂಕ್ಷ್ಮವಾದ ಹುರುಪೆಗಳಿರುತ್ತವೆ, ಅವೆಲ್ಲ ತುದಿಯ ಕಡೆಗೆ ಮುಖ ಮಾಡಿ ಮಲಗಿರುತ್ತವೆ. ಆದ್ದರಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಹುರುಪೆ ಎದ್ದು ಕೂದಲು ಸಿಕ್ಕಾಗುತ್ತದೆ, ತುಂಡಾಗುತ್ತದೆ. ಎಳೆಯನ್ನು ಬೆರಳಿಂದ ಸ್ವಲ್ಪ ತಿರುಚುತ್ತಾ ಹಚ್ಚಿದರೆ ಎಲ್ಲ ಬದಿಗೂ ಬಣ್ಣ ತಲುಪುತ್ತದೆ. ತಾನಾಗಿ ಒಣಗಲು ಬಿಡಿ, ಅಥವಾ ಡ್ರೈಯರ್ ಹಿಡಿಯಿರಿ. ಪೂರ್ತಿ ಒಣಗಿದ ಮೇಲೆ ಬೇಕಿದ್ದರೆ ಸ್ಟ್ರೈಟ್ನರನ್ನು ಒಂದೇ ಸಲ ಎಳೆಯಬಹುದು. ಒದ್ದೆ ಕೂದಲಿಗೆ ಮಾತ್ರ ಅದನ್ನು ತಾಗಿಸಬೇಡಿ. ಒಳಗಿನ ನೀರು ಕುದಿದು ಕೂದಲೇ ಒಡೆಯುತ್ತದೆ. ಕೊನೆಗೆ ಕೂದಲನ್ನು ಹಿಡಿದಿಡುವ ಬಣ್ಣವಿಲ್ಲದ ಹೇರ್ ಸ್ಪ್ರೇ, 20 ಸೆಂಟಿಮೀಟರ್ ದೂರದಿಂದ. ಉದುರುವುದನ್ನು ತಡೆಯುವುದು ನಿಜವಾಗಿ ಈ ಕೊನೆಯ ಹಂತವೇ, ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಗುಲಾಬಿ, ಹಳದಿ, ತಿಳಿಹಸಿರು ಕಪ್ಪು ಕೂದಲಲ್ಲಿ ಮಂಕಾಗಿ ಕಂಡರೆ ಮೊದಲು ಬಿಳಿ ಚಾಕ್ ಹಚ್ಚಿ, ಅದು ಒಣಗಿದ ಮೇಲೆ ಬೇಕಾದ ಬಣ್ಣ ಕೊಡಿ. ಕೆಳಗೆ ಬಿಳಿ ಇದ್ದರೆ ಮೇಲಿನ ಬಣ್ಣ ಬೆಳಗುತ್ತದೆ.

ಇನ್ನೊಂದು ಮಾತು. ಚಾಕ್ ಕೂದಲಿನ ಎಣ್ಣೆಯನ್ನು ಹೀರುತ್ತದೆ. ದಿನಾ ಹಚ್ಚಿದರೆ ಕೂದಲು ಹುಲ್ಲಿನಂತೆ ಒಣಗುವುದು ಖಂಡಿತ. ಬಳಸಿದ ದಿನವೇ ತೊಳೆದು ಕಂಡಿಷನರ್ ಹಾಕಿ, ಮತ್ತೆ ಹಚ್ಚುವ ಮೊದಲು ಕೆಲವು ದಿನ ಬಿಡುವು ಕೊಡಿ.

ಪ್ರಶ್ನೆ: ಬ್ಲೀಚ್ ಮಾಡಿಸಿದ ಕೂದಲಿಗೆ ನೀಲಿ ಚಾಕ್ ಹಚ್ಚಿದ್ದೆ. ನಾಲ್ಕು ಸಲ ತಲೆಗೆ ನೀರು ಹಾಕಿದರೂ ಹಸಿರು ಛಾಯೆ ಹೋಗಿಲ್ಲ. ಪ್ಯಾಕೆಟ್ ಮೇಲೆ ‘ಒಂದೇ ತೊಳೆತಕ್ಕೆ ಹೋಗುತ್ತದೆ’ ಎಂದಿತ್ತಲ್ಲ?

ಉತ್ತರ: ಪ್ಯಾಕೆಟ್ಟಿನ ಮಾತು ಗಟ್ಟಿಮುಟ್ಟಾದ ಕೂದಲಿಗೆ ಅನ್ವಯಿಸುತ್ತದೆ. ಬಣ್ಣ ಎಷ್ಟು ದಿನ ಇರುತ್ತದೆ ಎಂಬುದನ್ನು ಬಣ್ಣಕ್ಕಿಂತ ಹೆಚ್ಚಾಗಿ ನಿಮ್ಮ ಕೂದಲೇ ನಿರ್ಧರಿಸುತ್ತದೆ. ಬ್ಲೀಚ್ ಆದ, ರಾಸಾಯನಿಕದಿಂದ ನೇರ ಮಾಡಿಸಿದ, ಬಿಸಿ ಉಪಕರಣದಿಂದ ಬೆಂದ ಕೂದಲಿನ ಹುರುಪೆಗಳು ತೆರೆದುಕೊಂಡಿರುತ್ತವೆ. ಪಿಗ್ಮೆಂಟ್‌ನ ಕಣಗಳು ಆ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಜತೆಗೆ ಸ್ವಲ್ಪ ಕರಗುವ ಡೈ ಬೆರೆತಿದ್ದರೆ ಅದು ಒಳಗೇ ಇಳಿಯುತ್ತದೆ, ನೀರು ಹಾಕಿ ಹಚ್ಚಿದ್ದರೆ ಇನ್ನೂ ಬೇಗ. ಹಸಿರಾಗಿದ್ದಕ್ಕೆ ಕಾರಣವೂ ಸರಳ: ಬ್ಲೀಚ್ ಆದ ಕೂದಲ ಹಳದಿಗೆ ಉಳಿದ ನೀಲಿ ಸೇರಿದೆ. ನರೆಗೂದಲಿನಲ್ಲೂ ತಿಳಿಬಣ್ಣದ ಕಾರಣ ಸಣ್ಣ ಕಲೆಯೂ ಎದ್ದು ಕಾಣುತ್ತದೆ.

ಈಗ ಏನು ಮಾಡಬಹುದು? ಆ ಎಳೆಗೆ ಎಣ್ಣೆ ಅಥವಾ ದಟ್ಟ ಕಂಡಿಷನರ್ ಹಚ್ಚಿ ಅರ್ಧ ಗಂಟೆ ಬಿಟ್ಟು, ನಂತರ ಕ್ಲಾರಿಫೈಯಿಂಗ್ ಶಾಂಪೂನಿಂದ (ಕೂದಲಿಗೆ ಅಂಟಿದ್ದನ್ನು ಆಳವಾಗಿ ತೆಗೆಯುವ ಶಾಂಪೂ) ತೊಳೆಯಿರಿ. ಒಂದೇ ದಿನ ಐದಾರು ಸಲ ಬೇಡ, ವಾರದಲ್ಲಿ ಎರಡು ಸಲ ಸಾಕು. ಅಡುಗೆ ಸೋಡಾ ಹಾಕಿ ಉಜ್ಜುವ ಸಲಹೆ ಎಲ್ಲೆಲ್ಲೂ ಕಾಣುತ್ತದೆ. ಅದು ಕ್ಷಾರ, ಹುರುಪೆಯನ್ನು ಇನ್ನಷ್ಟು ಎಬ್ಬಿಸುತ್ತದೆ, ಈಗಾಗಲೇ ನೊಂದ ಕೂದಲಿಗೆ ಖಂಡಿತ ಬೇಡ. ಮತ್ತೆ ಬ್ಲೀಚ್ ಮಾಡಿ ತೆಗೆಯುವುದಂತೂ ಬೇಡವೇ ಬೇಡ.

ಮುಂದಿನ ಸಲ ಮೊದಲು ಲೀವ್-ಇನ್ ಕಂಡಿಷನರ್ (ಹಚ್ಚಿ ತೊಳೆಯದೆ ಬಿಡುವಂಥದ್ದು) ತೆಳುವಾಗಿ ಹಚ್ಚಿ ಒಣಗಿಸಿ, ಅದರ ಮೇಲೆ ಚಾಕನ್ನು ಒಣಗಿದ್ದಂತೆಯೇ ಹಚ್ಚಿ, ಅಂದೇ ತೊಳೆಯಿರಿ. ಅದಕ್ಕೂ ಮೊದಲು ಕತ್ತಿನ ಹಿಂಭಾಗದಲ್ಲಿ ಯಾರಿಗೂ ಕಾಣದ ಒಂದು ಸಣ್ಣ ಎಳೆಗೆ ಹಚ್ಚಿ, ತೊಳೆದು ನೋಡಿ. ತಿಳಿಬಣ್ಣದ ಕೂದಲಿನವರು ಈ ಪರೀಕ್ಷೆ ಬಿಡಬಾರದು.

ಪ್ರಶ್ನೆ: ಚಿತ್ರ ಬಿಡಿಸುವ ಪೇಸ್ಟಲ್ ಮತ್ತು ಅಡುಗೆಯ ಫುಡ್ ಕಲರ್ ಮನೆಯಲ್ಲಿವೆ. ಅವನ್ನೇ ಬಳಸಬಹುದೇ?

ಉತ್ತರ: ಬೇಡ. ಆಯಿಲ್ ಪೇಸ್ಟಲ್ ಮೇಣದಂತೆ ಅಂಟಿ, ತೊಳೆದರೆ ಸುಲಭಕ್ಕೆ ಹೋಗದು. ಕಲಾವಿದರ ಸಾಫ್ಟ್ ಪೇಸ್ಟಲ್‌ಗಳ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳ ಪಿಗ್ಮೆಂಟ್ ಇರುತ್ತದೆ, ಆ ಪುಡಿ ಮೂಗಿನ ಹತ್ತಿರವೇ ಉದುರುತ್ತಿರುತ್ತದೆ. ಇನ್ನು ಫುಡ್ ಕಲರ್: ತಿನ್ನಲು ಯೋಗ್ಯ ಅಂದ ಮಾತ್ರಕ್ಕೆ ಬೇಗ ಹೋಗುತ್ತದೆ ಎಂದಲ್ಲ. ಕೂದಲು ಪ್ರೋಟೀನ್. ವಿನೆಗರ್‌ನಂಥ ಆಮ್ಲ ಮತ್ತು ಬಿಸಿ ಸೇರಿದರೆ ಈ ಡೈಗಳು ಪ್ರೋಟೀನಿಗೆ ಗಟ್ಟಿಯಾಗಿ ಹಿಡಿಯುತ್ತವೆ. ಉಣ್ಣೆಗೆ ಬಣ್ಣ ಹಾಕುವುದೂ ಇದೇ ವಿಧಾನದಿಂದ. ತಿಳಿ ಕೂದಲಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕಪ್ಪು ಕೂದಲಲ್ಲಿ ಕಾಣುವುದೇ ಇಲ್ಲ, ಹಣೆ ಮತ್ತು ಬೆರಳು ಮಾತ್ರ ಬಣ್ಣವಾಗುತ್ತದೆ.

ಪ್ರಶ್ನೆ: ಆರು ವರ್ಷದ ಮಗಳು ಶಾಲೆಯ ಕಾರ್ಯಕ್ರಮಕ್ಕೆ ಬಣ್ಣದ ಕೂದಲು ಬೇಕು ಎನ್ನುತ್ತಾಳೆ. ಕಲರ್ ಸ್ಪ್ರೇ ಹಾಕಲೇ?

ಉತ್ತರ: ಸ್ಪ್ರೇ ಬದಲು ಬಣ್ಣದ ಕ್ಲಿಪ್-ಆನ್ ಎಳೆ ಹಾಕಿ. ಮಕ್ಕಳು ಅಲ್ಲಾಡದೆ ಕೂರುವುದಿಲ್ಲ, ಸ್ಪ್ರೇಯ ಹನಿ ಕಣ್ಣಿಗೂ ಉಸಿರಿಗೂ ಹೋಗುತ್ತದೆ. ಉಬ್ಬಸವಿರುವ ಮಗುವಿಗಂತೂ ಬೇಡವೇ ಬೇಡ. ಕ್ಲಿಪ್ಪನ್ನು ಬೈತಲೆಯಲ್ಲೇ ಹಾಕಿದರೆ ಲೋಹ ಕಾಣುತ್ತದೆ. ಬೈತಲೆಯಿಂದ 2 ಸೆಂಟಿಮೀಟರ್ ಕೆಳಗೆ ಕೂದಲನ್ನು ಅಡ್ಡಕ್ಕೆ ಎತ್ತಿ, ಅಲ್ಲಿಯ ಕೂದಲನ್ನು ಬಾಚಣಿಗೆಯಿಂದ ಬುಡದ ಕಡೆಗೆ ಸ್ವಲ್ಪ ಉಲ್ಟಾ ಬಾಚಿ ಉಬ್ಬಿಸಿ ಕ್ಲಿಪ್ ಒತ್ತಿ, ಮೇಲಿನ ಕೂದಲು ಇಳಿಬಿಡಿ. ಹೀಗೆ ಉಲ್ಟಾ ಬಾಚದಿದ್ದರೆ ನುಣುಪು ಕೂದಲಲ್ಲಿ ಕ್ಲಿಪ್ ಜಾರುತ್ತದೆ. ಎಳೆ ಸಿಂಥೆಟಿಕ್ ಆಗಿದ್ದರೆ ಸ್ಟ್ರೈಟ್ನರ್ ತಾಗಿಸಬೇಡಿ, ಕರಗುತ್ತದೆ. ಮಲಗುವ ಮೊದಲು ತೆಗೆಯಿರಿ.

ಬಣ್ಣವೇ ಬೇಕೆಂದು ಹಟ ಹಿಡಿದರೆ ಹೇರ್ ಮಸ್ಕಾರಾ ಇದೆ. ಕಡ್ಡಿಯಲ್ಲಿನ ಹೆಚ್ಚಿನ ಬಣ್ಣವನ್ನು ಬಾಟಲಿಯ ಬಾಯಿಗೆ ಒರೆಸಿ, ನೆತ್ತಿಯಿಂದ ಒಂದೆರಡು ಸೆಂಟಿಮೀಟರ್ ಬಿಟ್ಟು ತುದಿಯವರೆಗೆ ಎಳೆಯಿರಿ, ಒಂದೆರಡು ನಿಮಿಷ ಮುಟ್ಟಬಾರದು. ಕೂದಲು ಅಂಟಿಕೊಂಡು ಕಡ್ಡಿಯಂತಾದರೆ ಬಣ್ಣ ಜಾಸ್ತಿಯಾಗಿದೆ ಎಂದರ್ಥ.

ಪ್ರಶ್ನೆ: ದೊಡ್ಡವರು ಸ್ಪ್ರೇ ಬಳಸುವಾಗ ಏನು ಎಚ್ಚರಿಕೆ?

ಉತ್ತರ: ಬೆಂಕಿ. ಡಬ್ಬಿಯೊಳಗಿನ ಅನಿಲ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಒಲೆ, ದೀಪ, ಸಿಗರೇಟು, ಬಿಸಿ ಸ್ಟ್ರೈಟ್ನರ್ ಯಾವುದೂ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಎಳೆಯ ಹಿಂದೆ ಫಾಯಿಲ್ ಹಾಳೆ ಹಿಡಿದು 15ರಿಂದ 20 ಸೆಂಟಿಮೀಟರ್ ದೂರದಿಂದ ಬೀಸಿದಂತೆ ಹಾಯಿಸಿ. ಹತ್ತಿರದಿಂದ ಒಂದೇ ಜಾಗಕ್ಕೆ ಒತ್ತಿದರೆ ಹನಿಗಟ್ಟಿ ಹರಿಯುತ್ತದೆ.

ಪ್ರಶ್ನೆ: ಬಿಳಿ ಕಾಲರ್‌ಗೂ ದಿಂಬಿಗೂ ಬಣ್ಣ ಹತ್ತಿದೆ. ಹೇಗೆ ತೆಗೆಯುವುದು?

ಉತ್ತರ: ಚಾಕ್ ಆಗಿದ್ದರೆ ನೀರು ಹಾಕುವ ಮೊದಲು ಬಟ್ಟೆಯನ್ನು ಹೊರಗೆ ಜೋರಾಗಿ ಕೊಡವಿ, ಒಣ ಬ್ರಷ್‌ನಿಂದ ಪುಡಿ ತೆಗೆಯಿರಿ. ಪುಡಿ ಇರುವಾಗಲೇ ಒದ್ದೆ ಮಾಡಿದರೆ ಅದು ನೂಲಿನೊಳಕ್ಕೆ ಹೋಗುತ್ತದೆ. ನಂತರ ತಣ್ಣೀರು, ಸೋಪು. ವ್ಯಾಕ್ಸಿನ ಕಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ 10 ನಿಮಿಷ ಬಿಟ್ಟು ಒಗೆಯಿರಿ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಮಾಡಬೇಡಿ.